ಆರೈಕೆ ಮಾಡುವವರಿಗೂ ಜೊತೆ ಬೇಕು

(ಸಭಾಕೂಟಗಳಲ್ಲಿ ಓದಿ ವಿಚಾರಿಸತಕ್ಕ ಪಾಠ)



ನಮ್ಮ ಧಾರವಾಡ ಸೀಮೆಯ ರೈತನಿಗೆ ಮುಯ್ಯಾಳು ಎಂಬ ಮಾತನ್ನು ಯಾರೂ ಕಲಿಸಬೇಕಾಗಿಲ್ಲ. ಕಳೆ ತೆಗೆಯುವ ಹಂಗಾಮಿನಲ್ಲಿ ಒಬ್ಬನ ಹೊಲಕ್ಕೆ ಹತ್ತು ಮಂದಿ ಹೋಗುವರು. ಆಮೇಲೆ ಅವನು ಸರತಿಯ ಮೇರೆಗೆ ಆ ಹತ್ತು ಮಂದಿಯ ಹೊಲಗಳಿಗೂ ಹೋಗುವನು. ಅದರಲ್ಲಿ ಕೂಲಿಯ ಲೆಕ್ಕವಿಲ್ಲ, ಉಪಕಾರದ ಭಾರವೂ ಇಲ್ಲ. ಒಬ್ಬನೇ ಕೂತು ಕಳೆ ತೆಗೆದರೆ ಮುಂದಿನ ಸಾಲು ಮುಗಿಯುವದರೊಳಗೆ ಹಿಂದಿನ ಸಾಲಿನಲ್ಲಿ ಕಳೆಯು ಮತ್ತೆ ಏಳುವದೆಂದು ಅವನು ಬಲ್ಲನು. ಆದರೆ ಅದೇ ರೈತನ ಮನೆಯಲ್ಲಿ ತಂದೆಯು ಲಕ್ವಾ ಹೊಡೆದು ಹಾಸಿಗೆ ಹಿಡಿದರೆ, ಇಲ್ಲವೆ ಪ್ರಾಯದ ಮಗನಿಗೆ ಬುದ್ಧಿಭ್ರಮಣೆಯಾದರೆ, ಆ ಕೆಲಸಕ್ಕೆ ಮುಯ್ಯಾಳುಗಳನ್ನು ಕರೆಯುವ ರೂಢಿ ಇಲ್ಲ. ಮನೆಯ ಬಾಗಿಲು ಮುಚ್ಚಿಕೊಳ್ಳುವದು. ಒಳಗೆ ಹೆಂಡತಿಯೋ ಸೊಸೆಯೋ ತಾಯಿಯೋ ಒಬ್ಬಳೇ ವರುಷಗಟ್ಟಲೆ ಆ ಹೊಲದ ಕಳೆ ತೆಗೆಯುತ್ತಿರುವಳು. ಅಂಥವರು ತಮ್ಮಂಥವರನ್ನು ಹೇಗೆ ಕಂಡುಕೊಳ್ಳಬೇಕೆಂಬದೇ ಈ ಪಾಠದ ವಿಷಯ.

೧. ನಾನು ಕೇಳದೆ ಬಿಟ್ಟ ಪ್ರಶ್ನೆ

ಕೆಲವು ವರುಷಗಳ ಹಿಂದೆ ನಾನು ಹುಬ್ಬಳ್ಳಿಯ ಸಮೀಪದ ಒಂದು ಹಳ್ಳಿಯ ಮನೆಗೆ ತಿಂಗಳಿಗೊಮ್ಮೆ ಹೋಗುತ್ತಿದ್ದೆನು. ಆ ಮನೆಯ ಯಜಮಾನರಿಗೆ ಮರೆವಿನ ರೋಗವು ಬಲವಾಗಿ, ಹೆಂಡತಿಯ ಹೆಸರು ಸಹ ಅವರ ನೆನಪಿನಿಂದ ಹೋಗಿತ್ತು. ನಾನು ಹೋದಾಗಲೆಲ್ಲಾ, “ಯಜಮಾನರು ಹೇಗಿದ್ದಾರೆ? ಊಟ ಮಾಡುತ್ತಾರೋ? ನಿದ್ರೆ ಬರುತ್ತದೋ?” ಎಂದು ವಿಚಾರಿಸಿ, ಪ್ರಾರ್ಥನೆ ಮಾಡಿ, ಕೊಟ್ಟ ಚಹಾ ಕುಡಿದು ಹೊರಟು ಬರುತ್ತಿದ್ದೆನು. ಹೀಗೆ ಎರಡು ವರುಷ ನಡೆಯಿತು. ನನ್ನ ಕರ್ತವ್ಯವನ್ನು ಮಾಡುತ್ತಿದ್ದೇನೆಂದೇ ನಾನು ಎಣಿಸಿದ್ದೆನು.

ಒಂದು ದಿನ ನಾನು ಹೊಸ್ತಿಲು ದಾಟುವಾಗ ಆ ಮನೆಯಾಕೆಯು ಮೆಲ್ಲಗೆ ಅಂದದ್ದೇನಂದರೆ: “ಉಪದೇಶಿಯವರ, ಅವರಿಗೆ ನಿದ್ದಿ ಹತ್ತತದೇನು ಅಂತ ಪ್ರತಿ ತಿಂಗಳಾ ಕೇಳತೀರಿ. ಅವರು ಹಗಲೆಲ್ಲಾ ಮಲಗತಾರ. ರಾತ್ರಿ ಎದ್ದು ಹೊಲದ ಕಡೆ ಹೊಂಟು ಬಿಡತಾರಂತ ನಾನು ಬಾಗಲಕ್ಕ ಅಡ್ಡ ಮಲಗತೇನಿ. ನನಗ ನಿದ್ದಿ ಹತ್ತಿ ಎರಡು ವರ್ಷ ಆತು. ಮೊನ್ನೆ ರಾತ್ರಿ ಸಿಟ್ಟಿನಾಗ ಅವರ ಮ್ಯಾಲೆ ಕೈ ಎತ್ತಿದೆ. ಇದನ್ನ ಯಾರ ಮುಂದ ಹೇಳಲಿ?”

ನನಗೆ ಉತ್ತರ ತೋಚಲಿಲ್ಲ. ರೋಗಿಯ ಕ್ಷೇಮವನ್ನು ಇಪ್ಪತ್ತು ಸಾರಿ ಕೇಳಿದ ನಾನು, ಅವರನ್ನು ನೋಡಿಕೊಳ್ಳುವವಳ ಕ್ಷೇಮವನ್ನು ಒಂದು ಸಾರಿಯೂ ಕೇಳಿರಲಿಲ್ಲ.

ಮುಂದೆ ನಡೆದದ್ದನ್ನು ಕೇಳಿರಿ. ನೆರೆಯ ಊರಿನಲ್ಲಿ ಇನ್ನೊಬ್ಬಾಕೆಯು ಅದೇ ರೋಗದಲ್ಲಿದ್ದ ಅತ್ತೆಯನ್ನು ಆರು ವರುಷ ನೋಡಿಕೊಂಡಿದ್ದಳು. ಇಬ್ಬರ ಒಪ್ಪಿಗೆಯನ್ನೂ ಕೇಳಿಕೊಂಡು, ಒಂದು ಸಂತೆಯ ದಿನ ಅವರು ಭೇಟಿಯಾಗುವಂತೆ ಏರ್ಪಾಡು ಮಾಡಿದೆನು. ಅವರು ಬೇವಿನ ಮರದ ಕೆಳಗೆ ಒಂದು ತಾಸು ಮಾತಾಡಿದರು. ಎರಡನೆಯವಳು ಮೊದಲನೆಯವಳಿಗೆ ಹೇಳಿಕೊಟ್ಟದ್ದು ಸಣ್ಣ ಸಂಗತಿಗಳೇ: ಬಾಗಿಲ ಚಿಲಕಕ್ಕೆ ಎತ್ತಿನ ಕೊರಳಗಂಟೆಯನ್ನು ಕಟ್ಟು, ಹಗಲಿನಲ್ಲಿ ಅವರನ್ನು ಮಲಗಗೊಡಿಸದೆ ಬಿಸಿಲಲ್ಲಿ ಕೂಡ್ರಿಸಿ ಶೇಂಗಾ ಸುಲಿಯುವದಕ್ಕೆ ಕೊಡು, ಹೊಲಕ್ಕೆ ಹೋಗಬೇಕೆಂದು ಹಟ ಮಾಡಿದರೆ ವಾದಿಸಬೇಡ, ಓಣಿಯಲ್ಲಿ ನಾಲ್ಕು ಹೆಜ್ಜೆ ತಿರುಗಿಸಿಕೊಂಡು ಬಾ. ಕಡೆಗೆ, “ನಾನೂ ಒಂದು ಸಾರಿ ಹೊಡೆದಿದ್ದೆ” ಎಂದಳು. ಆ ಮಾತಿಗೆ ಮೊದಲನೆಯವಳು ಅತ್ತುಬಿಟ್ಟಳು. ಎರಡು ವರುಷಗಳಲ್ಲಿ ನಾನು ಆಡಿದ ಎಲ್ಲಾ ಮಾತುಗಳಿಂದ ಆಗದ ಉಪಕಾರವು ಆ ಒಂದು ತಾಸಿನಲ್ಲಿ ಆಯಿತು. ಹೀಗೆ ಭಾರವನ್ನು ತಿಳಿದವರು ಭಾರ ಹೊತ್ತವರೊಡನೆ ಕೂಡಿ ಮಾತಾಡುವದಕ್ಕೇ ಆರೈಕೆದಾರರ ಕೂಟವೆಂದು ಹೆಸರು.

೨. ಅವರು ಒಂಟಿಗರಾಗುವದಕ್ಕೆ ಕಾರಣಗಳು

ಮೊದಲನೆಯ ಕಾರಣವು ನಾಚಿಕೆ. ಮನೆಯಲ್ಲಿ ಬುದ್ಧಿರೋಗಿ ಇದ್ದಾನೆಂದು ತಿಳಿದರೆ ಹೆಣ್ಣುಮಕ್ಕಳ ಮದುವೆ ಆಗಲಾರದೆಂಬ ಭಯದಿಂದ ಅನೇಕರು ರೋಗವನ್ನು ಅಡಗಿಸುತ್ತಾರೆ. ಅಡಗಿಸಿದ ಮನೆಗೆ ಬಂಧುಗಳು ಬರುವದಿಲ್ಲ. ಬಂಧುಗಳು ಬಾರದೆ ಇರುವದರಿಂದ ನಾಚಿಕೆಯು ಇನ್ನೂ ಹೆಚ್ಚುತ್ತದೆ.

ಎರಡನೆಯದು, ಆಯಾಸವನ್ನು ಹೇಳಿಕೊಳ್ಳುವದು ಪಾಪವೆಂಬ ಎಣಿಕೆ. ಗಂಡನ ಸೇವೆಯು, ತಾಯಿಯ ಸೇವೆಯು ಧರ್ಮವೆಂಬದು ನಿಜ. ಆದರೆ ಧರ್ಮದ ಕೆಲಸದಿಂದ ಬೆನ್ನು ನೋಯುವದಿಲ್ಲವೋ? ನಿದ್ರೆಗೆಟ್ಟ ಕಣ್ಣು ಉರಿಯುವದಿಲ್ಲವೋ? ನೋವನ್ನು ಹೇಳುವದು ಬೇರೆ, ಕೆಲಸವನ್ನು ಬಿಡುವದು ಬೇರೆ. ಹೇಳದೆ ನುಂಗಿದವರ ಮನಸ್ಸಿನಲ್ಲಿ ಅದು ಸಿಟ್ಟಾಗಿಯೋ ಕುಗ್ಗುವಿಕೆಯಾಗಿಯೋ ತಿರುಗಿ ಏಳುವದು. ಆಗ ರೋಗಿಗೂ ಕೇಡು, ಅವರಿಗೂ ಕೇಡು.

ಮೂರನೆಯದು, ಬಿಟ್ಟು ಹೋಗುವದಕ್ಕೆ ಆಗದಿರುವದು. “ನಾನು ಕೂಟಕ್ಕೆ ಬಂದರೆ ಅವರನ್ನು ಯಾರು ನೋಡುವರು?” ಎಂಬ ಪ್ರಶ್ನೆಗೆ ಉತ್ತರ ಕೊಡದೆ ಬರೀ “ಬನ್ನಿರಿ” ಎಂದು ಕರೆಯುವದು ವ್ಯರ್ಥ. ಇದನ್ನು ಮುಂದೆ ವಿಚಾರಿಸುವೆವು.

೩. ಇಂಥ ಕೂಟಗಳು ಹುಟ್ಟಿದ ಬಗೆ

ಇದು ಪರದೇಶದ ಹೊಸ ವಿಚಾರವೆಂದು ಯಾರೂ ತಿಳಿಯಬಾರದು. ೧೯೫೦ರ ದಶಕದಲ್ಲಿ ಪಂಜಾಬದ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರ ಎಂಬವರು ಮುಖ್ಯ ವೈದ್ಯರಾಗಿದ್ದರು. ಆಸ್ಪತ್ರೆಯು ರೋಗಿಗಳಿಂದ ಕಿಕ್ಕಿರಿದಿತ್ತು. ಒಮ್ಮೆ ಬಿಟ್ಟುಹೋದ ರೋಗಿಯನ್ನು ಮನೆಯವರು ಮತ್ತೆ ಕರೆದುಕೊಂಡು ಹೋಗುವದು ಕಷ್ಟವಾಗಿತ್ತು. ಅವರು ಆಸ್ಪತ್ರೆಯ ಬಯಲಿನಲ್ಲಿ ಡೇರೆಗಳನ್ನು ಹಾಕಿಸಿ, ಮನೆಯವರೇ ರೋಗಿಯ ಸಂಗಡ ಅಲ್ಲಿ ವಾಸಿಸುವಂತೆ ಮಾಡಿದರು. ಆ ಕುಟುಂಬಗಳನ್ನು ಒಟ್ಟಿಗೆ ಕೂಡ್ರಿಸಿಕೊಂಡು ರೋಗದ ವಿಷಯ ತಿಳಿಸಿದರು. ಅವರು ಒಬ್ಬರೊಬ್ಬರ ಮಾತು ಕೇಳಿದರು. ಆಗ ರೋಗಿಗಳು ಬೇಗನೆ ಸುಧಾರಿಸಿ ತಮ್ಮವರ ಸಂಗಡಲೇ ಊರಿಗೆ ಹಿಂದಿರುಗುವದು ಸಾಧ್ಯವಾಯಿತು. ೧೯೫೭ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಮಾನಸಿಕ ಆರೋಗ್ಯ ಕೇಂದ್ರವನ್ನು ತೆರೆದಾಗಲೂ ರೋಗಿಯ ಸಂಗಡ ಮನೆಯವರು ಇರತಕ್ಕದ್ದೆಂಬ ಕ್ರಮವನ್ನೇ ಹಿಡಿದರು.

ಇಂಗ್ಲೆಂಡಿನಲ್ಲಿ ಮೇರಿ ವೆಬ್‌ಸ್ಟರ್ ಎಂಬಾಕೆಯು ಕಾಂಗ್ರಿಗೇಷನಲ್ ಸಭೆಯ ಬೋಧಕಿಯಾಗಿದ್ದಳು. ವೃದ್ಧರಾದ ತಂದೆತಾಯಿಗಳನ್ನು ನೋಡಿಕೊಳ್ಳುವದಕ್ಕಾಗಿ ೧೯೫೪ರಲ್ಲಿ ತನ್ನ ಉದ್ಯೋಗವನ್ನು ಬಿಟ್ಟಳು. ೧೯೬೩ರಲ್ಲಿ ಆಕೆಯು ತನ್ನಂತೆ ಮದುವೆಯಾಗದೆ ಮುದುಕರ ಸೇವೆಯಲ್ಲಿ ಒಂಟಿಯಾಗಿರುವ ಹೆಂಗಸರ ಸ್ಥಿತಿಯನ್ನು ಕುರಿತು ಪತ್ರಿಕೆಗೆ ಬರೆದಾಗ, ನಾನೂ ಹಾಗೆಯೇ ಇದ್ದೇನೆಂದು ಅನೇಕ ಹೆಂಗಸರಿಂದ ಉತ್ತರಗಳು ಬಂದವು. ಆ ಪತ್ರಗಳಿಂದಲೇ ೧೯೬೫ರಲ್ಲಿ ಅವರ ಸಂಘವು ಹುಟ್ಟಿತು. ನೋಡಿರಿ, ಆ ಹೆಂಗಸರೆಲ್ಲಾ ಮೊದಲೇ ಇದ್ದರು. ಆದರೆ ಒಬ್ಬಳು ಬಾಯಿ ಬಿಡುವ ತನಕ ಪ್ರತಿಯೊಬ್ಬಳೂ ತಾನೊಬ್ಬಳೇ ಎಂದು ತಿಳಿದಿದ್ದಳು.

ನಮ್ಮ ದಕ್ಷಿಣ ದೇಶದಲ್ಲಿಯೂ ಇದಕ್ಕೆ ಸಾಕ್ಷಿಗಳುಂಟು. ಚೆನ್ನೈಯಲ್ಲಿ ೧೯೮೯ರಲ್ಲಿ ಬುದ್ಧಿರೋಗಿಗಳ ಮನೆಯವರು “ಆಶಾ” ಎಂಬ ಸಂಘವನ್ನು ಕಟ್ಟಿಕೊಂಡರು. ಬೆಂಗಳೂರಿನಲ್ಲಿ “ಅಮೆಂಡ್” ಎಂಬ ಹೆಸರಿನಿಂದ ಅಂಥವರೇ ಕೂಡಿಕೊಂಡರು. ಕೇರಳದಲ್ಲಿ ಡಾಕ್ಟರ್ ಜೇಕಬ್ ರಾಯ್ ಎಂಬವರು ತಮ್ಮ ಸ್ವಂತ ತಂದೆಗೆ ಮರೆವಿನ ರೋಗವು ತಗಲಿದ ಅನುಭವದಿಂದ ೧೯೯೨ರಲ್ಲಿ ಆ ರೋಗಿಗಳಿಗೂ ಮನೆಯವರಿಗೂ ಸಹಾಯವಾಗುವ ಸಂಘವನ್ನು ಆರಂಭಿಸಿದರು. ಬುದ್ಧಿ ಬೆಳೆಯದ ಮಕ್ಕಳ ತಂದೆತಾಯಿಗಳ ಸಂಘಗಳು ೧೯೯೫ರಲ್ಲಿ “ಪರಿವಾರ್” ಎಂಬ ದೇಶದ ಒಕ್ಕೂಟದಲ್ಲಿ ಸೇರಿದವು. ಕುಡುಕರ ಮನೆಯವರಿಗಾಗಿ ಅಮೆರಿಕದಲ್ಲಿ ೧೯೫೧ರಲ್ಲಿ ಹುಟ್ಟಿದ ಅಲ್-ಅನಾನ್ ಎಂಬ ಕೂಟವು ಹಿಂದೂಸ್ಥಾನಕ್ಕೂ ಬಂದಿದೆ. ಇವೆಲ್ಲವುಗಳ ಬೇರು ಒಂದೇ: ಸಹಿಸಿದವರು ಸಹಿಸುವವರ ಸಂಗಡ ಕೂತರು.

೪. ಹುಬ್ಬಳ್ಳಿ-ಧಾರವಾಡದಲ್ಲಿ ಹುಡುಕುವ ದಾರಿ

ರೋಗಿಯು ಎಲ್ಲಿ ಔಷಧ ತೆಗೆದುಕೊಳ್ಳುತ್ತಾನೋ ಅಲ್ಲಿಂದಲೇ ಹುಡುಕುವದನ್ನು ಆರಂಭಿಸಬೇಕು. ಯಾಕಂದರೆ ನಿಮ್ಮಂಥವರು ಅದೇ ಬಾಗಿಲಲ್ಲಿ ಚೀಟಿ ಹಿಡಿದುಕೊಂಡು ನಿಂತಿರುತ್ತಾರೆ.

ಬುದ್ಧಿಯ ಮತ್ತು ಮನಸ್ಸಿನ ರೋಗಗಳಿಗೆ ಧಾರವಾಡದ ಮಾನಸಿಕ ಆಸ್ಪತ್ರೆಯು ೧೮೪೫ರಿಂದ ಪ್ರಸಿದ್ಧವಾಗಿದೆ. ಈಗ ಅದು ಡಿಮ್ಹಾನ್ಸ್ ಎಂದು ಕರೆಯಲ್ಪಡುವ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿದೆ. ಅದರ ಹೆಸರು ಹೇಳಿ ನಗುವ ಕಾಲವು ಹೋಗಬೇಕು. ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ ಆರಂಭವಾದ ಸರಕಾರಿ ವೈದ್ಯಕೀಯ ಕಾಲೇಜಿಗೆ ಸೇರಿದ ದೊಡ್ಡ ಆಸ್ಪತ್ರೆಯನ್ನು ಜನರು ಕಿಮ್ಸ್ ಎಂದು ಬಲ್ಲರು. ಅರ್ಬುದ ರೋಗಕ್ಕೆ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆಯುಂಟು. ಈ ಊರುಗಳಿಗೆ ಬರಲಾರದವರು ತಾಲೂಕು ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಯಾವ ವಾರ ಬರುತ್ತಾರೆಂದು ಕೇಳಿಕೊಳ್ಳಲಿ. ಈ ಕಾರ್ಯಕ್ರಮವು ನಮ್ಮ ನಾಡಿನದೇ ಫಲ. ೧೯೮೦ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಪರೀಕ್ಷಿಸಿ ನೋಡಿದ ಏರ್ಪಾಡು ೧೯೯೬ರಿಂದ ದೇಶದ ಇತರ ಜಿಲ್ಲೆಗಳಿಗೆ ಹಬ್ಬಿತು.

ಅಲ್ಲಿ ಏನು ಕೇಳಬೇಕು? ವೈದ್ಯರಿಗೆ ಪುರುಸೊತ್ತು ಸಾಲದು. ಆದದರಿಂದ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಇಲ್ಲವೆ ದಾದಿಯನ್ನು ಕಂಡು ಮೂರು ಪ್ರಶ್ನೆಗಳನ್ನು ಕೇಳಿರಿ. ಒಂದು: “ಇಂಥ ರೋಗಿಗಳ ಮನೆಯವರು ಕೂಡುವ ದಿನವು ಇಲ್ಲಿ ಉಂಟೋ?” ಎರಡು: “ಇಲ್ಲದಿದ್ದರೆ, ನಮ್ಮ ಕಡೆಯ ಊರುಗಳಿಂದ ಇಂಥ ರೋಗಿಯನ್ನು ಕರೆತರುವ ಬೇರೆ ಕುಟುಂಬ ಉಂಟೋ?” ಮೂರು: “ಅವರ ಹೆಸರನ್ನು ನಾನು ಕೇಳುವದಿಲ್ಲ, ನನ್ನ ಹೆಸರನ್ನೂ ಫೋನ್ ನಂಬರನ್ನೂ ಅವರಿಗೆ ಕೊಡುವಿರೋ?” ಈ ಮೂರನೆಯ ಮಾತನ್ನು ಮರೆಯಬಾರದು. ಇನ್ನೊಬ್ಬರ ಗುಟ್ಟನ್ನು ಆಸ್ಪತ್ರೆಯವರು ಹೇಳಕೂಡದು. ಆದರೆ ನಿಮ್ಮ ಹೆಸರನ್ನು ಕೊಡುವ ಹಕ್ಕು ನಿಮ್ಮದೇ.

ಬುದ್ಧಿ ಬೆಳೆಯದ ಮಕ್ಕಳ ತಂದೆತಾಯಿಗಳು ಅಂಥ ಮಕ್ಕಳ ಶಾಲೆಯ ಬಾಗಿಲಲ್ಲಿಯೂ ಅಂಗವಿಕಲರ ಕಲ್ಯಾಣ ಕಚೇರಿಯಲ್ಲಿಯೂ ವಿಚಾರಿಸಲಿ. ೧೯೯೯ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಪ್ರಕಾರ, ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಸಮಿತಿಯು ಪ್ರಾಯಕ್ಕೆ ಬಂದ ಅಂಥ ಮಕ್ಕಳಿಗೆ ಪೋಷಕರನ್ನು ನೇಮಿಸಬಹುದು. “ನಾನು ಸತ್ತ ಮೇಲೆ ಇವನ ಗತಿ ಏನು?” ಎಂದು ರಾತ್ರಿಯೆಲ್ಲಾ ಯೋಚಿಸುವ ತಾಯಿಯು ಇದನ್ನು ತಿಳಿದಿರಬೇಕು. ಇಂಥ ಸಂಗತಿಗಳನ್ನು ಅಲೆದು ತಿಳಿದ ಇನ್ನೊಬ್ಬ ತಾಯಿಯಿಂದ ಕೇಳುವದು ಸುಲಭ.

ಮನೆ ಬಿಟ್ಟು ಹೊರಡುವದಕ್ಕೆ ಆಗದವರು ಫೋನಿನ ಮುಖಾಂತರವಾದರೂ ಮಾತಾಡಬಹುದು. ೨೦೨೨ರ ಅಕ್ಟೋಬರದಲ್ಲಿ ಸರಕಾರದವರು ಆರಂಭಿಸಿದ ಟೆಲಿ ಮಾನಸ್ ಎಂಬ ಸೇವೆಯ ನಂಬರು ೧೪೪೧೬. ಅದಕ್ಕೆ ಹಣವಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ವೃದ್ಧರ ವಿಷಯವಾಗಿ ೧೪೫೬೭ ಎಂಬ ನಂಬರುಂಟು. ಇವು ಕೂಟಕ್ಕೆ ಬದಲಲ್ಲ. ಕೂಟವು ಸಿಕ್ಕುವ ತನಕ ಹಿಡಿದುಕೊಳ್ಳುವ ಕೋಲು.

೫. ಕೂಟವು ಇಲ್ಲದಿದ್ದರೆ

ಹಳ್ಳಿಗಳಲ್ಲಿ ಬಹುಮಟ್ಟಿಗೆ ಇರುವದಿಲ್ಲ. ಆಗ ನಾವೇ ಕೂಡಿಸತಕ್ಕದ್ದು. ಅದಕ್ಕೆ ಮೂರು ಮನೆಗಳು ಸಾಕು. ಹನ್ನೆರಡಕ್ಕಿಂತ ಹೆಚ್ಚಾದರೆ ಎಲ್ಲರಿಗೂ ಮಾತಾಡುವ ಸರತಿ ಬಾರದು. ಒಂದೇ ರೋಗದ ಮನೆಯವರು ಸಿಕ್ಕರೆ ಒಳ್ಳೇದು, ಸಿಕ್ಕದಿದ್ದರೆ ಲಕ್ವಾ ಹೊಡೆದವರ ಮನೆಯವರೂ ಮರೆವಿನ ರೋಗಿಯ ಮನೆಯವರೂ ಒಂದಾಗಿ ಕೂಡಬಹುದು. ನಿದ್ರೆಗೆಟ್ಟ ರಾತ್ರಿಯು ಎರಡು ಮನೆಯಲ್ಲಿಯೂ ಒಂದೇ. ಜಾತಿಯನ್ನೂ ಸಭೆಯನ್ನೂ ಕೇಳಬೇಡಿರಿ.

ಸ್ತ್ರೀಶಕ್ತಿ ಸಂಘದ ವಾರದ ಕೂಟಕ್ಕೆ ಹೋಗಿ ಅಭ್ಯಾಸವಾದ ಅಕ್ಕತಂಗಿಯರಿಗೆ ಇದರ ಕ್ರಮವು ಕಷ್ಟವಾಗದು. ತಿಂಗಳಿಗೆ ಒಂದು ಇಲ್ಲವೆ ಎರಡು ಸಾರಿ, ಗೊತ್ತುಮಾಡಿದ ದಿನ, ಒಂದೂವರೆ ತಾಸು. ಎಲ್ಲರೂ ವೃತ್ತಾಕಾರವಾಗಿ ಕೂಡ್ರಲಿ. ಕೆಳಗಿನ ನಿಯಮಗಳನ್ನು ಪ್ರತಿಸಾರಿಯೂ ಮೊದಲು ಓದಿ ಹೇಳಲಿ:

(ಅ) ಇಲ್ಲಿ ಕೇಳಿದ್ದು ಇಲ್ಲಿಯೇ ಇರಬೇಕು. ಬಾವಿಯ ಕಟ್ಟೆಗೆ ಒಂದು ಮಾತು ಹೋದರೂ ಕೂಟವು ಮುರಿಯುವದು.

(ಆ) ಒಬ್ಬರು ಮಾತಾಡುವಾಗ ಬೇರೆಯವರು ಕೇಳಬೇಕು. ಮಾತಾಡಲು ಮನಸ್ಸಿಲ್ಲದವರು ಸುಮ್ಮನೆ ಕೂತರೂ ಸರಿ.

(ಇ) “ನೀನು ಹೀಗೆ ಮಾಡಬೇಕಿತ್ತು” ಎಂಬ ಮಾತು ಬೇಡ. “ನಾನು ಹೀಗೆ ಮಾಡಿದೆ” ಎಂಬ ಮಾತು ಸಾಕು.

(ಈ) ವೈದ್ಯನು ಕೊಟ್ಟ ಔಷಧವನ್ನು ನಿಲ್ಲಿಸೆಂದು ಯಾರೂ ಹೇಳಕೂಡದು.

(ಉ) ಸಾಲ ಕೇಳುವದೂ ಮಾರಾಟ ಮಾಡುವದೂ ಇಲ್ಲಿ ಬೇಡ.

ಈಗ ಮೂರನೆಯ ಕಾರಣಕ್ಕೆ ಬರೋಣ. ಕೂಟದ ತಾಸಿನಲ್ಲಿ ರೋಗಿಯ ಬಳಿಯಲ್ಲಿ ಯಾರು ಇರುವರು? ಇಲ್ಲಿಯೇ ಮುಯ್ಯಾಳಿನ ಕೆಲಸ. ಕೂಟಕ್ಕೆ ಸೇರದ ನೆರೆಯವರೂ ಸಭೆಯ ಯೌವನಸ್ಥರೂ ಸರತಿಯಿಂದ ಆ ಮನೆಗಳಲ್ಲಿ ಕೂಡ್ರಬೇಕು. ಆದರೆ ಮೊದಲು ಎರಡು ಸಾರಿ ಆ ಮನೆಯವರು ಇರುವಾಗಲೇ ಹೋಗಿ, ರೋಗಿಯ ಪರಿಚಯ ಮಾಡಿಕೊಂಡು, ನೀರು ಕುಡಿಸುವದನ್ನೂ ಮಗ್ಗಲು ತಿರುಗಿಸುವದನ್ನೂ ಕಲಿಯತಕ್ಕದ್ದು. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ತಿರುಗಿಸದಿದ್ದರೆ ಬೆನ್ನು ಹುಣ್ಣಾಗುವದು. ನುಂಗಲಾರದವರಿಗೆ ಮಲಗಿರುವಾಗ ಅಂಬಲಿ ಕುಡಿಸಿದರೆ ಅದು ಶ್ವಾಸಕ್ಕೆ ಹೋಗುವದು. ಕೇರಳದಲ್ಲಿ ೨೦೦೧ರಿಂದ ಊರ ಜನರೇ ಇಂಥ ಕೆಲಸಗಳನ್ನು ಕಲಿತು, ನೆರೆಹೊರೆಯ ಉಪಶಮನ ಸೇವೆಯ ಬಲೆಯನ್ನು ಕಟ್ಟಿದರು. ಅವರು ವೈದ್ಯರಲ್ಲ, ನಮ್ಮಂಥ ಸಾಮಾನ್ಯರೇ.

೬. ಎಚ್ಚರಿಕೆಗಳು

ಎಲ್ಲಾ ಕೂಟಗಳೂ ಒಳ್ಳೇವಲ್ಲ. ಇಷ್ಟು ದಿನಗಳಲ್ಲಿ ರೋಗವು ಪೂರಾ ಹೋಗುವದೆಂದು ಮಾತು ಕೊಟ್ಟು ಹಣ ಕೇಳುವವರು ಇದ್ದರೆ ಎದ್ದು ಬನ್ನಿರಿ. ಯಾವಾಗಲೂ ಒಬ್ಬರೇ ಮಾತಾಡುವ ಕೂಟದಿಂದಲೂ, ರೋಗಿಗಳನ್ನು ಹಾಸ್ಯ ಮಾಡುವ ಕೂಟದಿಂದಲೂ ದೂರವಿರಿ. ಎರಡು ಮೂರು ಸಾರಿ ಹೋಗಿ ನೋಡಿದರೂ ಮನಸ್ಸು ಹಗುರವಾಗದಿದ್ದರೆ ಆ ಕೂಟವು ನಿಮಗೆ ತಕ್ಕದ್ದಲ್ಲ, ಬೇರೊಂದನ್ನು ಹುಡುಕಿರಿ. ಅದರಲ್ಲಿ ತಪ್ಪೇನೂ ಇಲ್ಲ.

ಕೂಟದಿಂದ ಆಗದ ಕೆಲಸಗಳೂ ಉಂಟು. ಬದುಕಿರುವದೇ ಬೇಡವೆಂದು ತೋರುವವರು, ರೋಗಿಯ ಮೇಲೆ ಕೈ ಎತ್ತುವದನ್ನು ತಡೆಯಲಾರದವರು ಮುಂದಿನ ಕೂಟದ ತನಕ ಕಾಯದೆ ಅದೇ ದಿನ ವೈದ್ಯನ ಬಳಿಗೆ ಹೋಗಬೇಕು, ಇಲ್ಲವೆ ಮೇಲೆ ಹೇಳಿದ ೧೪೪೧೬ಕ್ಕೆ ಫೋನು ಮಾಡಬೇಕು. ಬುದ್ಧಿರೋಗಿಯನ್ನು ಸರಪಳಿಯಿಂದ ಕಟ್ಟುವದನ್ನು ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ನಿಷೇಧಿಸಿದೆ. ಕಟ್ಟಿದ ಮನೆಯವರು ಬಹುಸಾರಿ ಕ್ರೂರರಲ್ಲ, ದಣಿದವರು. ಅವರನ್ನು ಬರೀ ಗದರಿಸದೆ ಅವರ ದಣಿವನ್ನು ಹಂಚಿಕೊಳ್ಳುವವರು ಬೇಕು.

ಗಂಡಸರಿಗೂ ಒಂದು ಮಾತು. ಹೆಂಗಸರು ಕೂಟಕ್ಕೆ ಹೋಗಲೆಂದು ಹೇಳಿ ನಾವು ಕಟ್ಟೆಯ ಮೇಲೆ ಕೂಡ್ರುವದಲ್ಲ. ತಂದೆಯು ನಮ್ಮವನು, ರಾತ್ರಿಯ ಒಂದು ಪಾಲು ನಮ್ಮದಾಗಿರಬೇಕು.

೭. ಮುಕ್ತಾಯ

ಪಾರ್ಶ್ವವಾಯು ರೋಗಿಯೊಬ್ಬನನ್ನು ನಾಲ್ಕು ಮಂದಿ ಹೊತ್ತುತಂದು, ಜನರ ಗುಂಪಿನ ದೆಸೆಯಿಂದ ಒಳಗೆ ಹೋಗಲಾರದೆ, ಮಾಳಿಗೆಯನ್ನು ಬಿಚ್ಚಿ ಕರ್ತನ ಮುಂದೆ ಇಳಿಸಿದ ಕಥೆಯನ್ನು ನಾವೆಲ್ಲರೂ ಬಲ್ಲೆವು. ಆ ರೋಗಿಯ ವಿಷಯವಾಗಿ ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇವೆ. ಹೊತ್ತವರು ನಾಲ್ಕು ಮಂದಿ ಎಂಬದನ್ನು ಮಾತ್ರ ಗಮನಿಸಿದವರು ಕಡಿಮೆ. ಮಂಚಕ್ಕೆ ನಾಲ್ಕು ಮೂಲೆಗಳುಂಟು. ಒಬ್ಬನೇ ಹೊತ್ತರೆ ಹೊತ್ತವನೂ ಮಲಗಿದವನೂ ಬೀಳುವರು.

ಆ ಹಳ್ಳಿಯ ಯಜಮಾನರು ಈಗ ಇಲ್ಲ. ಆದರೆ ಅವರ ಮನೆಯಾಕೆಯು ಇನ್ನೂ ಸಂತೆಯ ದಿನ ಬೇವಿನ ಮರದ ಕೆಳಗೆ ಕೂಡ್ರುತ್ತಾಳೆ. ಈಗ ಅಲ್ಲಿ ಐದು ಮಂದಿ ಕೂಡುತ್ತಾರೆ. “ನನ್ನ ಕೆಲಸ ಮುಗೀತು, ಇನ್ನ ಮುಯ್ಯಿ ತೀರಿಸಬೇಕಲ್ಲರೀ” ಎಂದು ಆಕೆಯು ನನಗೆ ಹೇಳಿದಳು. ನಾನೂ ಒಂದು ಪಾಠವನ್ನು ಕಲಿತೆನು. ಈಗ ರೋಗಿಯಿರುವ ಮನೆಗೆ ಹೋದಾಗ ಎರಡು ಪ್ರಶ್ನೆಗಳನ್ನು ಕೇಳುತ್ತೇನೆ: “ಅವರು ಹೇಗಿದ್ದಾರೆ?” ಎಂಬದು ಒಂದು, “ನೀವು ಹೇಗಿದ್ದೀರಿ?” ಎಂಬದು ಇನ್ನೊಂದು. ಎರಡನೆಯದನ್ನು ಕೇಳಿದ ಮೇಲೆ ಬೇಗನೆ ಏಳುವದಿಲ್ಲ.

ವಿಚಾರಿಸತಕ್ಕ ಪ್ರಶ್ನೆಗಳು

೧. ನಮ್ಮ ಊರಿನಲ್ಲಿ ಹಾಸಿಗೆ ಹಿಡಿದವರನ್ನಾಗಲಿ ಬುದ್ಧಿರೋಗಿಗಳನ್ನಾಗಲಿ ನೋಡಿಕೊಳ್ಳುವ ಮನೆಗಳು ಎಷ್ಟು? ಅವುಗಳಲ್ಲಿ ಎಷ್ಟು ಮನೆಗಳಿಗೆ ನಾವು ಈ ವರುಷ ಹೋಗಿದ್ದೇವೆ?

೨. ಅಮೃತಸರದ ವೈದ್ಯರು ಮನೆಯವರನ್ನು ಆಸ್ಪತ್ರೆಯಲ್ಲಿ ಇರಿಸಿಕೊಂಡದ್ದರಿಂದ ಏನು ಪ್ರಯೋಜನವಾಯಿತು?

೩. ಆಸ್ಪತ್ರೆಯಲ್ಲಿ ಕೇಳತಕ್ಕ ಮೂರು ಪ್ರಶ್ನೆಗಳು ಯಾವವು? ಮೂರನೆಯದು ಯಾಕೆ ಮುಖ್ಯ?

೪. ಕೂಟದ ಐದು ನಿಯಮಗಳಲ್ಲಿ ನಮ್ಮ ಊರಿನಲ್ಲಿ ಯಾವದನ್ನು ಕಾಯುವದು ಬಹು ಕಷ್ಟ? ಅದಕ್ಕೆ ಉಪಾಯವೇನು?

೫. ಬರುವ ತಿಂಗಳಲ್ಲಿ ಒಂದು ತಾಸು ಇನ್ನೊಬ್ಬರ ರೋಗಿಯ ಬಳಿಯಲ್ಲಿ ಕೂಡ್ರುವದಕ್ಕೆ ನಮ್ಮಲ್ಲಿ ಯಾರು ಸಿದ್ಧರಿದ್ದಾರೆ? ಅವರ ಹೆಸರುಗಳನ್ನು ಇಂದೇ ಬರೆದುಕೊಳ್ಳಿರಿ.